ಬಹುಮಾನ ತಪ್ಪಿದ ಸೀಸೆ

"ಮಾತ್ರೆ ಎರಡೆರಡು ಸಲ ನುಂಗ್ತಾಳೆ ಅಂತಾರೆ ಡಾಕ್ಟ್ರು! ನನ್ ಹೆಂಡ್ತಿಗೇನು ಅರಳು ಮರಳಾ, ಎನಿಡಕ್ಕ?" ಡೆಸ್ ಬಾಗಿಲಲ್ಲೇ ನಿಂತು ಗುಡುಗಿದ.

ರಕ್ತಪರೀಕ್ಷೆಯ ಕೆಲಸದಿಂದ ನಿವೃತ್ತಳಾದ ಎನಿಡ್ ಪಾಸ್ಕೋ ರೆನ್‌ಮಾರ್ಕ್ ಊರಿನ ಬಿಡಿಸಲಾಗದ ಗಂಟುಗಳನ್ನೆಲ್ಲ ಬಿಡಿಸುವವಳು. ಹಿಂದೆ ಆಂಬ್ಯುಲೆನ್ಸ್ ಓಡಿಸುತ್ತಿದ್ದ ಕ್ಲೆಮ್ ಅವಳ ನೆರಳು. ಅವನು ಕುರ್ಚಿ ಎಳೆದುಕೊಟ್ಟ.

ಡೆಸ್‌ನ ಹೆಂಡತಿ ಮೆರನ್‌ಗೆ ಒಂಬತ್ತನೇ ವಯಸ್ಸಿಗೇ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಸತ್ತವರೊಬ್ಬರ ಮೇದೋಜೀರಕ ಗ್ರಂಥಿಯನ್ನೂ ಕಿಡ್ನಿಯನ್ನೂ ಅವಳಿಗೆ ಕಸಿ ಮಾಡಿದ್ದರು. ಅಂದಿನಿಂದ ಇನ್ಸುಲಿನ್ ಸೂಜಿ ಮುಟ್ಟಿರಲಿಲ್ಲ. ಈಗ ಆರು ವಾರದಿಂದ, ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ, ಆ ದೇಶದ ಅಳತೆಯಲ್ಲಿ ಆರು ದಾಟಬಾರದ್ದು, ಹದಿನಾಲ್ಕು ಮುಟ್ಟುತ್ತಿತ್ತು. ಕೈ ನಡುಗುತ್ತಿತ್ತು. ಕಸಿಯನ್ನು ದೇಹ ತಳ್ಳಿಹಾಕದಂತೆ ಕೊಡುವ ಔಷಧಿ ರಕ್ತದಲ್ಲಿ ದುಪ್ಪಟ್ಟಾಗಿತ್ತು.

"ಸಿಟಿ ಆಸ್ಪತ್ರೇಲಿ ಐದು ದಿನ ಇಟ್ಕೊಂಡ್ರೆ ಎಲ್ಲಾ ಸರಿ. ಮನೆಗೆ ಬಂದ್ರೆ ಮತ್ತೆ ಅದೇ ಕತೆ. ಹೀಗೇ ಆದ್ರೆ ಎರಡೂ ಅಂಗ ಹೋಗ್ತವೆ ಅಂತಿದಾರೆ."

ಎನಿಡ್, ಕ್ಲೆಮ್ ಇಬ್ಬರೂ ಅವನ ಮನೆಗೆ ಹೋದರು. ಮಾತ್ರೆಗಳ ಲೆಕ್ಕದಲ್ಲಿ ಒಂದೂ ಹೆಚ್ಚು ಕಡಿಮೆ ಇರಲಿಲ್ಲ. ಫ್ರಿಜ್ ಮೇಲೆ, ತಿನ್ನಬಾರದ್ದರ ಪಟ್ಟಿ. ಮೊದಲನೆಯದೇ ಚಕ್ಕೋತ.

"ನಾನೇ ಬರೆದಿದ್ದು," ಎಂದಳು ಮೆರನ್‌ಳ ತಾಯಿ ವರ್ನಾ. ಎರಡು ತಿಂಗಳ ಹಿಂದೆ ಮಗಳ ಮನೆಗೇ ಬಂದು ನೆಲೆಸಿದ್ದಳು. ತಿಂಡಿಯೆಲ್ಲ ಅವಳ ಕೈಯದೇ.

ಕಪಾಟಿನಲ್ಲಿ ವರ್ನಾ ಮಾಡಿದ ಮಾರ್ಮಲೇಡ್‌ನ, ಅಂದರೆ ಸಿಪ್ಪೆ ಸೇರಿಸಿದ ಹಣ್ಣಿನ ಜಾಮಿನ, ಒಂದು ಸೀಸೆ. ಮೇಲೆ ‘ಸಿಹಿ ಕಿತ್ತಳೆ’ ಎಂಬ ಚೀಟಿ. ಅದಕ್ಕೆ ಊರ ಕೃಷಿ ಪ್ರದರ್ಶನದ ಕಾರ್ಡು ಅಂಟಿತ್ತು: ‘ನಿಯಮಕ್ಕೆ ಹೊಂದುವುದಿಲ್ಲ.’

ಮೆರನ್ ನಕ್ಕಳು. "ಅಮ್ಮಂಗೆ ಹೇಳ್ದೆ ನಾನೇ ಸ್ಪರ್ಧೆಗೆ ಇಟ್ಟಿದ್ದೆ. ಮೂವತ್ತು ವರ್ಷ ಆದ್ಮೇಲೆ ಬಾಯಿಗಿಟ್ಟ ಜಾಮು. ನನಗಂತೂ ಅಮೃತ."

"ಆ ತೀರ್ಪುಗಾರ್ತಿಗೆ ನಾಲಿಗೆ ಸತ್ತಿದೆ," ಎಂದಳು ವರ್ನಾ.

"ಸಕ್ಕರೆ ಏರ್ತಿರೋದು ಆ ಜಾಮಿಂದ್ಲೇ ಇರ್ಬೇಕು," ಎಂದು ಕ್ಲೆಮ್ ಪಿಸುಗುಟ್ಟಿದ.

"ಒಳ್ಳೇ ಮೇದೋಜೀರಕ ಒಂದು ಚಮಚ ಜಾಮಿಗೆ ಹೆದರಲ್ಲ ಕಣೋ," ಎಂದು ಎನಿಡ್ ಹೊರಗೆ ಹೋಗಿ ಯಾರಿಗೋ ಫೋನು ಮಾಡಿದಳು.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಅಡುಗೆಮನೆಯ ಮೇಜಿಗೆ ಕೂರಿಸಿದಳು. ವರ್ನಾ ಆಗಲೇ ಟೋಸ್ಟಿಗೆ ಮಾರ್ಮಲೇಡ್ ದಪ್ಪಗೆ ಸವರಿ ಮಗಳ ಮುಂದೆ ಇಟ್ಟಿದ್ದಳು.

"ಮುಟ್ಬೇಡ ಮೆರನ್. ಮಾತ್ರೆ ಸರಿಯಾಗೇ ಇದೆ," ಎಂದಳು ಎನಿಡ್, "ರಕ್ತದಲ್ಲಿ ಔಷಧಿ ಮಾತ್ರ ದುಪ್ಪಟ್ಟು. ಅಂದ್ರೆ ಒಳಗಿನ ಔಷಧಿ ಕರಗದಂತೆ ಏನೋ ತಡೀತಿದೆ. ಆ ಔಷಧಿ ಹೆಚ್ಚಾದ್ರೆ ಕೈ ನಡುಗುತ್ತೆ, ಸಕ್ಕರೆ ಏರುತ್ತೆ. ಆಸ್ಪತ್ರೇಲಿ ಇಲ್ಲದ್ದು, ಮನೇಲಿ ಇರೋದು. ತೀರ್ಪುಗಾರ್ತೀನ ಕೇಳ್ದೆ. ಸೀಸೆ ಯಾಕೆ ಹೊರಗಿಟ್ರಿ ಅಂದ್ರೆ, ಸಿಹಿ ಕಿತ್ತಳೆ ವಿಭಾಗಕ್ಕೆ ಚಕ್ಕೋತದ ಮಾರ್ಮಲೇಡ್ ಕಳಿಸಿದ್ರು ಅಂದ್ಲು. ಔಷಧಿ ಕರಗದಂತೆ ತಡೆಯೋದು ಆ ಚಕ್ಕೋತಾನೇ."

ಡೆಸ್ ಎದ್ದು ನಿಂತ. "ತಪ್ಪು ಚೀಟಿ ಅಂಟಿಸಿದ್ದು ಮರೆವಿಂದ ಅಲ್ವಾ ಅತ್ತೆ? ಹೇಳಿ!"

"ಮರೆವಿನವಳು ಪಟ್ಟಿಯ ಮೊದಲ ಸಾಲಿಗೇ ಚಕ್ಕೋತ ಬರೀತಾಳಾ?" ಎಂದಳು ಎನಿಡ್. "ಜಾಮಿನ ರುಚೀನೇ ಮರೆತಿರೋ ಮಗಳು ಚಕ್ಕೋತದ ಕಹಿ ಗುರುತಿಸಲ್ಲ ಅನ್ನೋದೂ ಗೊತ್ತಿತ್ತು."

ವರ್ನಾ ತಲೆ ತಗ್ಗಿಸಲಿಲ್ಲ. "ಮೂವತ್ತು ವರ್ಷ ಇವಳ ಬೆರಳು ಚುಚ್ಚಿದ್ದು ನಾನು. ಆಪರೇಷನ್ ಆದ್ಮೇಲೆ ವಾರಕ್ಕೊಂದೇ ಫೋನು! ಸ್ವಲ್ಪ ಹುಷಾರು ತಪ್ಪಿದ್ರೆ ಇಲ್ಲೇ ಇರಮ್ಮ ಅಂತಾಳೆ ಅನ್ಕೊಂಡೆ. ಸಾಯಿಸೋಕೆ ಹೋಗಿದ್ನಾ?"

ಕ್ಲೆಮ್ ಆಂಬ್ಯುಲೆನ್ಸಿನಲ್ಲಿ ಏನೇನೋ ಕಂಡವನು. ಆದರೂ ಹೊಳೆಯುವ ಆ ಟೋಸ್ಟನ್ನು ನೋಡಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಎಲ್ಲಕ್ಕಿಂತ ಹೇಸಿಗೆಯೆನಿಸಿದ್ದು ವರ್ನಾ ಅದನ್ನು ಚೊಕ್ಕವಾಗಿ ತ್ರಿಕೋನಾಕಾರಕ್ಕೆ ಕತ್ತರಿಸಿ, ಅಂಚು ತೆಗೆದು ಇಟ್ಟಿದ್ದ ಬಗೆ.

ಡೆಸ್ ಅತ್ತೆಯ ಪೆಟ್ಟಿಗೆಯನ್ನು ಅಂಗಳಕ್ಕೆ ತಂದಿಟ್ಟ. ಹೊಸಿಲಲ್ಲಿ ನಿಂತು ವರ್ನಾ ಕೇಳಿದಳು:

"ನಾಳೆ ನಿಂಗೆ ತಿಂಡಿ ಯಾರು ಮಾಡ್ಕೊಡ್ತಾರೆ ಮಗಾ?"

ಮೆರನ್ ನಡುಗುವ ಕೈಯಿಂದ ತಟ್ಟೆ ಎತ್ತಿ ಕಸದ ಬುಟ್ಟಿಗೆ ಸುರಿದಳು.

"ಇನ್ಮೇಲೆ ಹಸಿವಾದ್ರೆ, ಅಮ್ಮ, ನಾನೇ ಮಾಡ್ಕೋತೀನಿ."