ಹಿಮ್ಮುಖ ನಡಿಗೆ

ಜನರಿಗೆ ಮುಖ ಮಾಡಿ ಮಾತಾಡುತ್ತ ಹಿಂದಕ್ಕೆ ನಡೆಯುವುದು ನನ್ನ ಕಸುಬಿನ ಗತ್ತು. ಹಡಗಿನಲ್ಲಿ ಬಂದು ಆಳಿ ಹೋದ ದೊರೆಗಳು ಕಟ್ಟಿಸಿದ ಹಳೇ ಬಡಾವಣೆಯನ್ನು ಪ್ರತಿ ಭಾನುವಾರ ಪ್ರವಾಸಿಗರಿಗೆ ಕಾಲ್ನಡಿಗೆಯಲ್ಲಿ ತೋರಿಸುತ್ತೇನೆ. ಕಮಾನಿನ ವರಾಂಡ, ಹಸಿರು ಕಿಟಕಿ, ಕಬ್ಬಿಣದ ದೀಪದ ಕಂಬ, ಎಲ್ಲ ನನ್ನ ಬೆನ್ನಿಗೇ ಗೊತ್ತು ಎಂಬ ಜಂಬವಿತ್ತು.

ಅವತ್ತು ಹಳೇ ಸುಂಕದ ಕಚೇರಿಯ ಮುಂದೆ ರಸವತ್ತಾಗಿ ಕಥೆ ಹೇಳುತ್ತಿದ್ದೆ. ಮುಂದಿನ ಸಾಲಿನವನೊಬ್ಬ "ಬ್ರೇಕ್!" ಎಂದು ಕೂಗಿದ.

ನಿಂತೆ. ಹಿಮ್ಮಡಿಯ ಹಿಂದೆಯೇ ಮುಚ್ಚಳವಿಲ್ಲದ ಮೋರಿ.

"ಸಾರಿ," ಎಂದ. ಕಿವಿ ಕೆಂಪಾಗಿತ್ತು. "ಡ್ರೈವಿಂಗ್ ಸ್ಕೂಲಲ್ಲಿ ಕಲಿಸ್ತೀನಿ. ಬಾಯಿಗೆ ಅದೇ ಬರುತ್ತೆ."

"ನಂಗೆ ಲೈಸೆನ್ಸ್ ಸಿಕ್ಕಿ ಬಹಳ ವರ್ಷ ಆಯ್ತು, ಮೇಷ್ಟ್ರೇ," ಎಂದೆ. ಗುಂಪೆಲ್ಲ ನಕ್ಕಿತು. ಅವನೂ ನಕ್ಕ. ನಗು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಭಾನುವಾರ ಮತ್ತೆ ಬಂದ. ಅದರ ಮುಂದಿನ ವಾರವೂ. ಅದೇ ಬೀದಿ, ಅದೇ ಕಥೆ, ಅದೇ ಜೋಕು. ಫೋಟೊ ತೆಗೆಯುತ್ತಿರಲಿಲ್ಲ, ಕಟ್ಟಡಗಳ ಕಡೆ ಕಣ್ಣೆತ್ತುತ್ತಿರಲಿಲ್ಲ. ನೋಟವೆಲ್ಲ ನನ್ನ ಪಾದದ ಮೇಲೆ. ನಾನು ಹಿಂದೆ ಸರಿದಂತೆಲ್ಲ ಅವನ ಬಲಗಾಲು ಸುಮ್ಮನೆ ನೆಲ ಒತ್ತುತ್ತಿತ್ತು.

"ಯಾವುದೋ ಟೂರ್ ಕಂಪನಿಯವರು ಕಳಿಸಿರ್ತಾರೆ ಕಣೇ," ಎಂದಳು ಅಕ್ಕ. "ನಿನ್ನ ಕಥೆ ಕದ್ದು ರೆಕಾರ್ಡ್ ಮಾಡಿ, ಗೈಡ್ ಇಲ್ಲದೆ ಸುತ್ತೋರ ಹೆಡ್‌ಫೋನಿಗೆ ತುಂಬ್ತಾರೆ."

ತಲೆಗೆ ಹುಳ ಬಿಟ್ಟಳು. ಬೇರೆ ಕಥೆ ಹೋದರೆ ಹೋಗಲಿ. ಆದರೆ ನಡಿಗೆ ಮುಗಿಯುವುದು ದೊಡ್ಡ ಬಂಗಲೆಯ ಹಿತ್ತಿಲ ಬಾಗಿಲಲ್ಲಿ. ನನ್ನ ಮುತ್ತಜ್ಜಿ ದಿನಾ ಅಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ ದೊರೆಸಾನಿಯ ಬಟ್ಟೆ ಒಗೆದಳು. ಮುಂಬಾಗಿಲನ್ನು ಅವಳು ಒಳಗಿನಿಂದ ಮಾತ್ರ ನೋಡಿದ್ದಳು. ಅದು ನನ್ನ ಮನೆಯ ಕಥೆ, ಯಾರಿಗೂ ಬಿಟ್ಟುಕೊಡುವಂಥದ್ದಲ್ಲ.

ಆ ಬಾಗಿಲ ಮುಂದೆಯೇ ಎಲ್ಲರ ಎದುರು ಕೇಳಿದೆ. "ಯಾರು ಕಳಿಸಿದ್ದು ನಿಮ್ಮನ್ನ? ಕೇಳಿದ್ದನ್ನೇ ಎಷ್ಟು ಸಲ ಕೇಳ್ತೀರ?"

ಅವನು ಸುತ್ತಲಿನ ಜನರನ್ನು ನೋಡಿದ. "ಇನ್ನು ಬರಲ್ಲ," ಎಂದು ಹೊರಟೇಹೋದ.

ಪೀಡೆ ತೊಲಗಿತು ಎಂದುಕೊಂಡೆ. ವಾರವಿಡೀ ಅದನ್ನೇ ಅಂದುಕೊಳ್ಳಬೇಕಾಯಿತು, ಅದೇ ಕಷ್ಟ. ಭಾನುವಾರ ಸುಂಕದ ಕಚೇರಿಯ ಮುಂದೆ ಮಾತು ಎಲ್ಲೋ, ಕಣ್ಣು ಮುಂದಿನ ಸಾಲಿನಲ್ಲಿ. ಯಾರೂ ಬ್ರೇಕ್ ಎನ್ನಲಿಲ್ಲ. ಧೊಪ್ಪನೆ ಮೋರಿಗೆ ಬಿದ್ದೆ.

ಮರುದಿನ ವಿಚಾರಿಸಿಕೊಂಡು, ಕುಂಟುತ್ತ ಅವನ ಡ್ರೈವಿಂಗ್ ಸ್ಕೂಲಿಗೆ ಹೋದೆ. ಕಲಿಯಲು ಬಂದ ಹೆಂಗಸೊಬ್ಬರ ಪಕ್ಕ, ಕಾರಿನಲ್ಲಿ ಕೂತಿದ್ದ. ನನ್ನ ಬ್ಯಾಂಡೇಜು ನೋಡಿ ಅವನ ಮುಖ ಸಪ್ಪಗಾಯಿತು.

"ಬಿದ್ರಾ?"

"ಬಿದ್ದೆ. ಬ್ರೇಕ್ ಹಾಕೋರು ಇರ್ಲಿಲ್ಲ."

ಅವನು ಕಾಲ ಕೆಳಗಿನ ಪೆಡಲ್ ತೋರಿಸಿದ. "ಈ ಗಾಡೀಲಿ ನನ್ನ ಕಡೇನೂ ಒಂದು ಬ್ರೇಕ್ ಇದೆ. ಯಾರು ಹೇಗೆ ಓಡಿಸಿದ್ರೂ ಧೈರ್ಯವಾಗಿ ಕೂತಿರ್ತೀನಿ. ನೀವು ನಗ್ತಾ ನಗ್ತಾ ಹಿಂದಕ್ಕೆ ಹೋಗ್ತೀರಿ, ಅಲ್ಲಿ ನನ್ನ ಕಾಲಿಗೆ ಬ್ರೇಕೇ ಸಿಗಲ್ಲ. ಭಾನುವಾರ ಮನೇಲಿ ಕೂತ್ರೆ ನನ್ನ ಜೀವಕ್ಕೆ ಸಮಾಧಾನ ಇರಲ್ಲ."

"ಮತ್ತೆ ನನ್ನ ಕಥೆಗಳು?"

"ಒಂದೂ ಕಿವಿಗೆ ಬಿದ್ದಿಲ್ಲ." ತಲೆ ತಗ್ಗಿಸಿದ. "ನಿಮ್ಮ ಮುತ್ತಜ್ಜೀದೊಂದು ಬಿಟ್ಟು. ಅಲ್ಲಿ ನೀವು ನಿಂತು ಹೇಳ್ತೀರಲ್ಲ, ಅಲ್ಲಿ ಮಾತ್ರ ನಿಮ್ಮ ಮುಖ ನೋಡೋಕೆ ಪುರುಸೊತ್ತು."

ಸ್ಟಿಯರಿಂಗ್ ಹಿಡಿದಿದ್ದ ಹೆಂಗಸು ಮೆಲ್ಲಗೆ ಕೇಳಿದರು, "ನಾನು ಇಳೀಲಾ, ಮೇಷ್ಟ್ರೇ?"

ಕಾಲು ವಾಸಿಯಾದ ಮೇಲೆ ಗುಂಪಿಲ್ಲದ ಒಂದು ಸಂಜೆ ಅವನೊಬ್ಬನನ್ನೇ ಕರೆದೊಯ್ದೆ. ಅಕ್ಕಪಕ್ಕ ನಡೆದೆವು. ಬೆನ್ನಿಗೆ ಮಾತ್ರ ಗೊತ್ತಿದ್ದ ಬೀದಿ ಎದುರಿನಿಂದ ಎಷ್ಟು ಚೆಂದವಿತ್ತು!

ಮೋರಿಯ ಹತ್ತಿರ ಅವನು ಕೈ ಚಾಚಿದ.

"ಈಗ ಮುಂದೆ ನೋಡ್ಕೊಂಡೇ ನಡೀತಿದ್ದೀನಿ, ಬೀಳಲ್ಲ," ಎಂದೆ.

"ಗೊತ್ತು," ಎಂದ. ಕೈ ಮಾತ್ರ ಹಾಗೇ ಇತ್ತು.

ಹಿಡಿದುಕೊಂಡೆ.