ಬಿಚ್ಚದ ಇಮಾಮ್ ಜಾಮಿನ್

ಬಾಗಿಲು ಸರಿಯಿತು. ಟ್ರಾಲಿ ತಳ್ಳುತ್ತ ಹೊರಬಂದ ಜುನೇದ್‌ನ ಕಣ್ಣು ತಾಯಿಯನ್ನು ದಾಟಿ ನೂರೀನಳ ಮೇಲೇ ನಿಂತಿತು.

ಅಯ್ಯೋ... ಅವಳ ಎದೆ ಡವಡವ ಹೊಡೆದುಕೊಂಡಿತು. ಸಿಟ್ಟಿನಿಂದಲೇ ನಿಲ್ಲಬೇಕೆಂದು ಚೆಂಬೂರಿನಿಂದ ವಿಮಾನ ನಿಲ್ದಾಣದವರೆಗೆ ರಿಕ್ಷಾದಲ್ಲಿ ಎಷ್ಟು ತಯಾರಿ ನಡೆಸಿದ್ದಳು! ಎಲ್ಲವೂ ನೀರುಪಾಲು.

ನೂರೀನ ಮಲಾಡಿನ ಟ್ರಾವೆಲ್ಸ್ ಆಫೀಸಿನಲ್ಲಿ ಟಿಕೆಟ್ ಬುಕ್ ಮಾಡುವವಳು. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಜುನೇದ್‌ಗೆ ಆಕ್ಲೆಂಡಿನಲ್ಲಿ ಎ.ಸಿ. ರಿಪೇರಿ ಕೆಲಸ ಸಿಕ್ಕಾಗ ಟಿಕೆಟ್ ತೆಗೆದುಕೊಟ್ಟವಳೂ ಅವಳೇ. ಎಷ್ಟು ದೂರ ಎಂದು ಅವನು ಕೇಳಿದ್ದ. ಹನ್ನೆರಡು ಸಾವಿರ ಕಿಲೋಮೀಟರಿಗೂ ಮೇಲೆ, ನೇರ ವಿಮಾನವಿಲ್ಲ, ಸಿಂಗಾಪುರದಲ್ಲಿ ಇಳಿದು ಹತ್ತಿದರೆ ಹೆಚ್ಚುಕಡಿಮೆ ಒಂದು ದಿನ ಎಂದು ಗಿರಾಕಿಗೆ ಹೇಳುವಂತೆಯೇ ಹೇಳಿದ್ದಳು.

ಆದರೆ ಹೊರಡುವ ದಿನ ಬಿಲ್ಡಿಂಗಿನ ಮೆಟ್ಟಿಲಲ್ಲಿ ಅವನನ್ನು ತಡೆದು, ಹಸಿರು ಬಟ್ಟೆಯಲ್ಲಿ ನಾಣ್ಯ ಸುತ್ತಿ, ತೋಳಿಗೆ ಇಮಾಮ್ ಜಾಮಿನ್ ಕಟ್ಟಿಬಿಟ್ಟಳು.

ಪ್ರಯಾಣ ಸುಖವಾಗಲೆಂದು ಕಟ್ಟುವುದು ಅದು. ಊರು ಮುಟ್ಟಿದ ಮೇಲೆ ಬಿಚ್ಚಿ, ನಾಣ್ಯ ದಾನ ಮಾಡಿ, ಕಟ್ಟಿದವರಿಗೆ ತಿಳಿಸಬೇಕು. ಅವನ ತಾಯಿ ಗೌಹರ ಕಟ್ಟಿದ್ದ ಇನ್ನೊಂದನ್ನು ಬಿಚ್ಚಿದ ಸುದ್ದಿ ಕೂಡಲೇ ಬಂತು. ನೂರೀನಳಿಗೆ ಅವನು ಕೆಲಸ, ಚಳಿ, ಊಟ ಎಲ್ಲವನ್ನೂ ಬರೆದ. ಆ ಒಂದು ಮಾತನ್ನು ಬಿಟ್ಟು. ನನ್ನದಕ್ಕೆ ಇಷ್ಟೇ ಬೆಲೆಯೇ... ಅವಳೂ ಉತ್ತರ ಬರೆಯುವುದನ್ನು ನಿಲ್ಲಿಸಿದಳು.

ಈಗ ಅವಳಿಗೆ ಧಾರವಾಡದಿಂದ ಸಂಬಂಧ ಬಂದಿದೆ. ಇಂದು ಸಂಜೆ ಹೂಂ ಅಥವಾ ಉಹೂಂ ಹೇಳಬೇಕು.

ಗೌಹರ ಮಗನನ್ನು ತಬ್ಬಿ ಮನಸಾರೆ ಅತ್ತರು. ಆಮೇಲೆ ವಿಜಯಪುರದ ತಂಗಿಗೆ ಫೋನಿನಲ್ಲಿ ಸುದ್ದಿ ಕೊಡುತ್ತ ಪಕ್ಕಕ್ಕೆ ಸರಿದರು.

"ಯಾಕ ಮಾತಾಡವಲ್ಲಿ?" ಜುನೇದ್ ಕೇಳಿದ.

"ಎರಡು ವರ್ಷ ಆತು. ಮುಟ್ಟಿದೆ ಅಂತ ನನಗ ಒಂದ ಮಾತು ಹೇಳಲಿಲ್ಲ ನೀ."

ಅವನು ಜಾಕೆಟ್ ತೆಗೆದು ಅಂಗಿಯ ತೋಳನ್ನು ಮೇಲೆ ಸರಿಸಿದ.

ಹಸಿರು ಬಟ್ಟೆ ಅಲ್ಲೇ ಇತ್ತು! ಬಣ್ಣ ಹೋಗಿತ್ತು, ಅಂಚು ಸವೆದಿತ್ತು. ಗಂಟು ಮಾತ್ರ ಅವಳು ಹಾಕಿದ್ದೇ.

"ಮುಟ್ಟಿದ್ರ ಬಿಚ್ಚಬೇಕಲ್ಲ," ಎಂದ ಅವನು. "ನಾ ಮುಟ್ಟಬೇಕಾಗಿದ್ದು ಆಕ್ಲೆಂಡಿಗೆ ಅಲ್ಲ, ನಿನ್ನ ಹತ್ರ. ಎದುರಿಗೆ ನಿಂತು ಹೇಳಬೇಕಂತ ರಜಾ ಕಾಯ್ಕೋತ ಕೂತೆ."

ಹುಚ್ಚ! ಆ ಸಂಬಂಧಕ್ಕೆ ನಾನು ಹೂಂ ಅಂದುಬಿಟ್ಟಿದ್ದರೆ... ನೂರೀನಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಷ್ಟು ಸಂತೋಷವನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ. ಧಾರವಾಡದವರಿಗೆ ಸಂಜೆ ಉಹೂಂ ಎನ್ನುವುದಾಗಿ ಅವನಿಗೆ ಅಲ್ಲೇ ಹೇಳಿಬಿಟ್ಟಳು.

ಜನ ನೋಡುತ್ತಿದ್ದರೂ ಗಂಟಿಗೆ ಕೈ ಹಾಕಿದಳು. ಬಿಗಿದುಕೊಂಡಿತ್ತು; ಉಗುರಿನಿಂದ ಬಿಡಿಸಬೇಕಾಯಿತು. ನಾಣ್ಯ ಅವಳ ಅಂಗೈಗೆ ಬಿತ್ತು.

"ಈಗ ಹೇಳು," ಎಂದಳು.

"ಬಂದು ಮುಟ್ಟಿದೆ, ನೂರೀನ."