ಬೀಗರ ಕೆಮ್ಮಿಗೆ ಜ್ಯೇಷ್ಠಮಧು

ಪಂಪಾಪತಿಯ ಹೆಂಡತಿ ವಿರೂಪಾಕ್ಷಮ್ಮ ಸತ್ತಾಗ ಮಗಳು ಐಶ್ವರ್ಯ ಮಣ್ಣಿಗೆ ಬರಲಿಲ್ಲ. ಅವಳ ಗಂಡನ ಊರು ಮರಳಿಯಿಂದ ಗಂಗಾವತಿ ಎಷ್ಟು ದೂರ? ಬಸ್ಸಿನಲ್ಲಿ ಒಂದು ತೂಕಡಿಕೆಯೂ ಪೂರ್ತಿ ಆಗುವುದಿಲ್ಲ. ಬಂದವನು ಅವಳ ಮಾವ ಹಂಪಣ್ಣ ಒಬ್ಬನೇ.

"ಸೊಸಿನ್ನ ಕಳಸೂದು ಆಗಂಗಿಲ್ರಿ ಬೀಗ್ರ. ಯಾಕಂತ ಮಾತ್ರ ಕೇಳಬ್ಯಾಡ್ರಿ."

ತಾಯಿಯ ಕೊನೆಯ ಮುಖಕ್ಕೇ ಬೀಗ ಜಡಿದ ಬೀಗ! ಆಮೇಲೆ ಪಂಪಾಪತಿ ಮಗಳ ಫೋನನ್ನೂ ಎತ್ತಲಿಲ್ಲ. ಈ ಬೀಗಕ್ಕೆ ಕೀಲಿ ಹೊಳೆದದ್ದು ದಿವಸದ ಊಟದಲ್ಲಿ, ಹಂಪಣ್ಣ ಕೆಮ್ಮಿದಾಗ.

ಪಂಪಾಪತಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಕಾರ್ಟಿಸಾಲ್ ಎಂಬ ಹಾರ್ಮೋನು ಮೂತ್ರಪಿಂಡಕ್ಕೆ ನುಗ್ಗಿ ಉಪ್ಪಿನ ಹಾರ್ಮೋನಿನ ಕುರ್ಚಿ ಹಿಡಿಯದಂತೆ ಅಲ್ಲೊಂದು ಕಿಣ್ವ ಕಾವಲಿರುತ್ತದೆ; ಬಂದ ಕಾರ್ಟಿಸಾಲಿನ ಹಲ್ಲು ಕಿತ್ತು, ಬರೀ ಕಾರ್ಟಿಸೋನ್ ಮಾಡಿ ಕಳಿಸುತ್ತದೆ. ಕೆಮ್ಮಿಗೆ ಕೊಡುವ ಜ್ಯೇಷ್ಠಮಧು ವಿಪರೀತ ತಿಂದರೆ ಆ ಕಾವಲುಗಾರ ಮಂಕಾಗುತ್ತಾನೆ. ಮೈಯಲ್ಲಿ ಉಪ್ಪು ನಿಲ್ಲುತ್ತದೆ, ಪೊಟ್ಯಾಸಿಯಂ ಸೋರುತ್ತದೆ, ಬಿಪಿ ಏರುತ್ತದೆ. ಮೊದಲೇ ಸೋತಿರುವ ಹಂಪಣ್ಣನ ಹೃದಯ ಒಂದು ದಿನ ತಾಳ ತಪ್ಪುತ್ತದೆ. ವಿಷವೂ ಇಲ್ಲ, ಪೊಲೀಸರಿಗೆ ವಿಷಯವೂ ಇಲ್ಲ. ಉಪ್ಪು ತಿಂದವನು ನೀರು ಕುಡಿಯಬೇಕು, ಸರಿ. ಈ ಬೀಗ ಸಿಹಿ ತಿಂದೇ ಉಪ್ಪಿಗೆ ಸಿಗುತ್ತಾನೆ.

ಜ್ಯೇಷ್ಠಮಧು ಕುದಿಸಿ, ಬತ್ತಿಸಿ, ಬೆಲ್ಲ ಹಾಕಿ ಪಂಪಾಪತಿ ತಾನೇ ಉಂಡೆ ಕಟ್ಟಿದ. ಮರಳಿ ಬಸ್ಸಿನ ಡ್ರೈವರ್ ಜಿಲಾನಿಯ ಕೈಯಲ್ಲಿ ವಾರವಾರ ಡಬ್ಬಿ ಹೋಯಿತು, ಖಾಲಿಯಾಗಿ ಬಂತು.

"ಉಂಡಿ ಭಾಳ ಛಲೋ ಅದಾವ್ರಿ ಬೀಗ್ರ," ಹಂಪಣ್ಣ ಫೋನಿನಲ್ಲಿ ಹೇಳಿದ. "ಇನ್ನಷ್ಟು ಕಳಸ್ರಿ."

"ಕೆಮ್ಮು ಹೆಂಗೈತ್ರಿ?"

"ಹಂಗ ಐತ್ರಿ."

ಪಂಪಾಪತಿ ಮುಂದಿನ ಡಬ್ಬಿಯನ್ನು ಇನ್ನೂ ದೊಡ್ಡದು ಮಾಡಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಕೊಪ್ಪಳದ ದವಾಖಾನೆಯಿಂದ ಫೋನು ಬಂತು. ಪಂಪಾಪತಿ ಮುಖಕ್ಕೆ ದುಃಖ ಹಚ್ಚಿಕೊಂಡು ಹೋದ. ವಾರ್ಡಿನ ಬಾಗಿಲಲ್ಲಿ ಹಂಪಣ್ಣ ನಿಂತಿದ್ದ, ಕೆಮ್ಮುತ್ತ.

"ಕೂಸು ಹೋತ್ರಿ ಬೀಗ್ರ. ಹೋದ ಸಲದ್ದೂ ನಿಂದ್ರಲಿಲ್ಲ, ಅದಕ್ಕ ಈ ಸಲ ಐದು ತುಂಬೋತನಕ ನಿಮಗೂ ಹೇಳಬಾರದು ಅಂದಿದ್ವಿ. ಬಸುರಿ ಹೆಣ ನೋಡಬಾರದಂತ ಅವ್ವನ ಮಣ್ಣಿಗೂ ಕಳಸಲಿಲ್ಲ. ಆಕಿ ದಿನಾ ಅತ್ತಳ್ರಿ. ಈಗ ಬಿಪಿ ಎಲ್ಲಿಂದ ಏರಿತೋ, ಡಾಕ್ಟರಿಗೂ ತಿಳಿವಲ್ದು."

ಆ ಕಿಣ್ವ ಮೂತ್ರಪಿಂಡದಲ್ಲಷ್ಟೇ ಇರುವುದಿಲ್ಲ. ಬಸಿರಿನಲ್ಲಿ ಕೂಸನ್ನು ಪೊರೆಯುವ ಮಾಸಿನಲ್ಲೂ ಇರುತ್ತದೆ, ಅಳುವ ತಾಯಿಯ ಕಾರ್ಟಿಸಾಲು ಕೂಸಿಗೆ ತಾಗದಂತೆ ಕಾಯುತ್ತದೆ. ಪರೀಕ್ಷೆಗೆ ಬರುವುದಿಲ್ಲವೆಂದು ಪಂಪಾಪತಿ ಪ್ರತಿ ವರ್ಷ ಹಾರಿಸುವ ಸಾಲು ಅದು. "ಉಂಡಿ... ನೀವ ತಿಂದ್ರಿ ಹೌದಲ್ರಿ?" ಎಂದ. ಹಂಪಣ್ಣ ಕಣ್ಣೊರೆಸಿಕೊಂಡ. "ಬಸುರಿ ಕಣ್ಣು ಬಿದ್ದದ್ದನ್ನ ಹಿರೇರು ಬಾಯಿಗೆ ಹಾಕ್ತಾರೇನ್ರಿ? ಅಪ್ಪನ ಸಿಟ್ಟು ಇಳದೈತಿ, ಕೈಯಾರೆ ಕಟ್ಟಿ ಕಳಿಸ್ಯಾನ ಅಂತ, ಒಂದೂ ಬಿಡದಂಗ ಆಕೀನ ತಿಂದಾಳ."